ಅಜ್ಜ ತೆರೆದ ಖಾತೆ, ಮೊಮ್ಮಗಳ ಸಹಿ: ಸುಕನ್ಯಾ ಸಮೃದ್ಧಿಯ ಹಣವನ್ನು ಓದಿಗೆ ಪಡೆಯಲು ಹಿಡಿದ ಹನ್ನೊಂದು ತಿಂಗಳು

2025ರ ಸೆಪ್ಟೆಂಬರ್ 19ರ ಮಧ್ಯಾಹ್ನ ಮಗಳ ಫೋನಿಗೆ ಒಂದು ಸಂದೇಶ ಬಂತು. ಅವಳ ಉಳಿತಾಯ ಖಾತೆಗೆ 1,92,000 ರೂಪಾಯಿ ಜಮೆಯಾಗಿತ್ತು. ಹೆಣ್ಣುಮಕ್ಕಳಿಗಾಗಿ ಕೇಂದ್ರ ಸರ್ಕಾರ ತಂದ ಉಳಿತಾಯ ಯೋಜನೆಯಾದ ಸುಕನ್ಯಾ ಸಮೃದ್ಧಿಯ ಖಾತೆಯಲ್ಲಿ ಹತ್ತು ವರ್ಷಗಳಿಂದ ಕೂಡಿಟ್ಟ ಹಣದ ಒಂದು ಭಾಗವನ್ನು ಅವಳ ಇಂಜಿನಿಯರಿಂಗ್ ಓದಿಗಾಗಿ ತೆಗೆಯುವ ಕೆಲಸ ಅಂದು ಮುಗಿಯಿತು. ಅದು ಮುಗಿಯಲು ಹನ್ನೊಂದು ತಿಂಗಳು ಹಿಡಿಯಿತು. ಹಣ ಕೂಡಿಡುವುದು ಹೇಗೆಂದು ನಮಗೆ ಹೇಳಿದವರು ಹಲವರಿದ್ದರು, ಆದರೆ ಕೂಡಿಟ್ಟದ್ದನ್ನು ಬೇಕಾದ ಹೊತ್ತಿಗೆ ಕೈಗೆ ತಂದುಕೊಳ್ಳುವುದು ಹೇಗೆಂದು ಹೇಳಿದವರು ಯಾರೂ ಇರಲಿಲ್ಲ. ಮುಂದಿನ ವರ್ಷ ಮಗಳನ್ನು ಕಾಲೇಜಿಗೆ ಸೇರಿಸಲಿರುವ ತಂದೆ ತಾಯಂದಿರು ನಾವು ಅಲೆದಷ್ಟು ಅಲೆಯಬಾರದು ಎಂಬ ಕಾರಣಕ್ಕೆ ಎಲ್ಲವನ್ನೂ ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಖಾತೆ ತೆರೆದವರು ನಮ್ಮ ಮಾವನವರು. ಅವರು ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿ ನಿವೃತ್ತರಾದವರು. 2015ರ ಜನವರಿ 22ರಂದು ಪಾಣಿಪತ್‌ನಲ್ಲಿ ಪ್ರಧಾನಿ ಈ ಯೋಜನೆಗೆ ಚಾಲನೆ ಕೊಟ್ಟ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ, ಆ ತುಣುಕನ್ನು ಕತ್ತರಿಸಿ ತಮ್ಮ ಡೈರಿಯೊಳಗೆ ಇಟ್ಟುಕೊಂಡಿದ್ದರಂತೆ. ಮಗಳು ಆಗ ಎರಡನೇ ತರಗತಿ ಮುಗಿಸಿ ಬೇಸಿಗೆ ರಜೆಗೆ ಅಜ್ಜನ ಮನೆಗೆ ಹೋಗಿದ್ದಳು. ಏಪ್ರಿಲ್ 10ರಂದು ಅವಳ ಕೈಹಿಡಿದು ಊರಿನ ಅಂಚೆ ಕಚೇರಿಗೆ ಹೋಗಿ ಸಾವಿರ ರೂಪಾಯಿ ಕಟ್ಟಿ ಖಾತೆ ತೆರೆದರು. ಹತ್ತು ವರ್ಷ ತುಂಬದ ಹೆಣ್ಣುಮಗುವಿನ ಹೆಸರಿನಲ್ಲಿ ಮಾತ್ರ ಈ ಖಾತೆ ತೆರೆಯಬಹುದು, ಒಂದು ಹಣಕಾಸು ವರ್ಷಕ್ಕೆ ಒಂದೂವರೆ ಲಕ್ಷದವರೆಗೆ ಕಟ್ಟಬಹುದು. ಆಗ ವರ್ಷಕ್ಕೆ ಕನಿಷ್ಠ 1,000 ರೂಪಾಯಿ ಕಟ್ಟಬೇಕಿತ್ತು, 2018ರಲ್ಲಿ ಅದನ್ನು 250ಕ್ಕೆ ಇಳಿಸಿದರು. ಅರ್ಜಿಯಲ್ಲಿ ಪೋಷಕರ ಹೆಸರು ಬರೆಯುವ ಜಾಗ ಬಂದಾಗ ಕೌಂಟರಿನಲ್ಲಿದ್ದವರು, ಹೆತ್ತವರು ಊರಿನಲ್ಲಿಲ್ಲವಲ್ಲ, ನೀವೇ ಸಹಿ ಹಾಕಿ ಮೇಷ್ಟ್ರೇ ಎಂದರಂತೆ. ಮಾವನವರು ತಮ್ಮ ದುಂಡು ಅಕ್ಷರದಲ್ಲಿ ತಮ್ಮ ಹೆಸರನ್ನೇ ಬರೆದು ಸಹಿ ಹಾಕಿದರು. ಮುಂದಿನ ತೊಡಕಿನ ಬೇರು ಅಲ್ಲಿತ್ತು ಎಂಬುದು ನಮಗೆ ಗೊತ್ತಾದದ್ದು ಒಂಬತ್ತು ವರ್ಷಗಳ ನಂತರ.

ಮಾವನವರು ಪಿಂಚಣಿ ತೆಗೆಯಲು ಹೋದಾಗಲೆಲ್ಲ ತಿಂಗಳಿಗೆ ಸಾವಿರದಂತೆ ಕಟ್ಟುತ್ತ ಬಂದರು. 2017ರಿಂದ ನಾವು ಅದಕ್ಕೆ ತಿಂಗಳಿಗೆ ಎರಡು ಸಾವಿರ ಸೇರಿಸತೊಡಗಿದೆವು, 2022ರಿಂದ ನಾಲ್ಕು ಸಾವಿರ. ಖಾತೆ ತೆರೆದ ವರ್ಷ ಬಡ್ಡಿ ಶೇಕಡ 9.2 ಇತ್ತು, ಬರಬರುತ್ತ ಇಳಿದು 2020ರ ಏಪ್ರಿಲ್‌ನಿಂದ ಮೂರು ವರ್ಷ 7.6ರಲ್ಲಿ ನಿಂತಿತು, ಮತ್ತೆ ಏರಿ 2024ರ ಜನವರಿಯಿಂದ 8.2 ಇದೆ. ಈ ದರವನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ಪ್ರಕಟಿಸುತ್ತದೆ, ಆದ್ದರಿಂದ ಖಾತೆ ತೆರೆದ ದಿನದ ದರ ಕೊನೆಯವರೆಗೂ ಇರುತ್ತದೆಂದು ಯಾರೂ ಲೆಕ್ಕ ಹಾಕಬಾರದು. ಕೊರೋನಾ ವರ್ಷದಲ್ಲಿ ನಮ್ಮ ಯಜಮಾನರ ಅಂಗಡಿ ಮುಚ್ಚಿತ್ತು, ಮಾವನವರನ್ನು ಮನೆಯಿಂದ ಹೊರಗೆ ಬಿಡುವಂತಿರಲಿಲ್ಲ. 2020-21ರಲ್ಲಿ ಒಂದು ರೂಪಾಯಿಯನ್ನೂ ಕಟ್ಟಲಿಲ್ಲ. ಖಾತೆ ಸತ್ತೇಹೋಯಿತು ಎಂದು ನಾನು ಬಹಳ ಹೆದರಿದ್ದೆ. ಆದರೆ ತಪ್ಪಿದ ವರ್ಷಕ್ಕೆ ಕನಿಷ್ಠ ಮೊತ್ತವಾದ 250 ಮತ್ತು ದಂಡವೆಂದು 50 ರೂಪಾಯಿ ಕಟ್ಟಿದ ಕೂಡಲೇ ಖಾತೆ ಮೊದಲಿನಂತಾಯಿತು. ಇಂಥ ಭಯದಲ್ಲಿ ಖಾತೆಯನ್ನು ಹಾಗೇ ಬಿಟ್ಟುಬಿಟ್ಟವರು ನನ್ನ ಪರಿಚಯದವರಲ್ಲೇ ಇದ್ದಾರೆ, ಅವರಿಗೆ ಈ ಮಾತನ್ನು ಒತ್ತಿ ಹೇಳಬೇಕೆನಿಸುತ್ತದೆ.

ಹಣ ಕಟ್ಟುವ ದಿನದ ಬಗ್ಗೆಯೂ ಒಂದು ಮಾತು ಹೇಳಬೇಕು. ತಿಂಗಳ ಐದನೇ ತಾರೀಖು ಮುಗಿದಾಗ ಇರುವ ಮೊತ್ತದಿಂದ ತಿಂಗಳ ಕೊನೆಯವರೆಗಿನ ಅತಿ ಕಡಿಮೆ ಮೊತ್ತಕ್ಕೆ ಮಾತ್ರ ಆ ತಿಂಗಳ ಬಡ್ಡಿ ಸಿಗುತ್ತದೆ. ಆರನೇ ತಾರೀಖು ಕಟ್ಟಿದರೆ ಆ ತಿಂಗಳ ಬಡ್ಡಿ ಹೋಯಿತು. ತೆರಿಗೆ ಉಳಿಸಲು ಮಾರ್ಚ್ ಕೊನೆಯ ವಾರದಲ್ಲಿ ಅರವತ್ತು ಸಾವಿರ ಕಟ್ಟುವವರು, ಅದೇ ಹಣವನ್ನು ಆ ಹಣಕಾಸು ವರ್ಷದ ಏಪ್ರಿಲ್ ಐದರೊಳಗೆ ಕಟ್ಟಿದ್ದರೆ ಈಗಿನ ದರದಲ್ಲಿ 4,920 ರೂಪಾಯಿ ಹೆಚ್ಚು ಬಡ್ಡಿ ಪಡೆಯುತ್ತಿದ್ದರು. ಇದು ತಿಳಿದದ್ದು ತಡವಾಗಿ. 2024ರ ಏಪ್ರಿಲ್‌ನಿಂದ ನಮ್ಮ ಪಾಲಿನ 48,000ವನ್ನು ವರ್ಷದ ಮೊದಲ ವಾರದಲ್ಲೇ ಒಟ್ಟಿಗೆ ಕಟ್ಟುತ್ತಿದ್ದೇವೆ. ಇನ್ನು ತೆರಿಗೆಯ ವಿಷಯ: ಕಟ್ಟಿದ ಹಣಕ್ಕೆ ಸಿಗುವ ವಿನಾಯಿತಿ ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ. ಹೊಸ ಪದ್ಧತಿಗೆ ಹೋದವರಿಗೆ ಕಟ್ಟಿದ ಹಣದ ಮೇಲೆ ವಿನಾಯಿತಿ ಇಲ್ಲ, ಬಡ್ಡಿಗೆ ಮಾತ್ರ ಇಬ್ಬರಿಗೂ ತೆರಿಗೆ ಇಲ್ಲ.

2024ರ ಅಕ್ಟೋಬರ್‌ನಲ್ಲಿ, ಅಜ್ಜ ಅಜ್ಜಿಯರು ತೆರೆದ ಸುಕನ್ಯಾ ಖಾತೆಗಳನ್ನು ಹೆತ್ತವರ ಅಥವಾ ಕಾನೂನುಬದ್ಧ ಪೋಷಕರ ಹೆಸರಿಗೆ ವರ್ಗಾಯಿಸಬೇಕು ಎಂಬ ಸುದ್ದಿಯನ್ನು ಓದಿದೆ. ಆ ತಿಂಗಳ ಒಂದನೇ ತಾರೀಖಿನಿಂದ ಆ ನಿಯಮ ಜಾರಿಗೆ ಬಂದಿತ್ತು. ಮಗಳು ಆಗ ದ್ವಿತೀಯ ಪಿಯುಸಿಯಲ್ಲಿದ್ದಳು, ಎಂಟೊಂಬತ್ತು ತಿಂಗಳಲ್ಲಿ ಹಣ ಬೇಕಾಗುವುದಿತ್ತು. ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ದೀಪಾವಳಿಗೆ ಊರಿಗೆ ಹೋದಾಗ ಹಬ್ಬ ಮುಗಿದ ಮರುದಿನವೇ ಮಾವನವರ ಮುಂದೆ ವಿಷಯ ಇಟ್ಟೆ. ಅವರಿಗೆ ಬೇಸರವಾಗಬಹುದೆಂಬ ಅಳುಕು ನನಗಿತ್ತು. ಅವರು ಕನ್ನಡಕ ಒರೆಸಿಕೊಳ್ಳುತ್ತ, “ಇದು ಪುಟ್ಟಿಯ ಓದಿಗೆ ಅಂತಲೇ ಇಟ್ಟದ್ದು ಕಣಮ್ಮ. ಹೆಸರು ಯಾರದ್ದಿದ್ದರೇನು? ನಾಳೆಯೇ ಹೋಗೋಣ” ಎಂದರು.

ಪೋಷಕರ ಬದಲಾವಣೆಗೆ ಕೇಳಿದ ದಾಖಲೆಗಳು ಇವು: ಮೂಲ ಪಾಸ್‌ಬುಕ್, ಮಗಳ ಜನನ ಪ್ರಮಾಣಪತ್ರ, ಅವಳು ನನ್ನ ಮಗಳೆಂದು ತೋರಿಸುವ ದಾಖಲೆ, ಮಾವನವರ ಮತ್ತು ನನ್ನ ಗುರುತಿನ ಹಾಗೂ ವಿಳಾಸದ ದಾಖಲೆಗಳು, ಇಬ್ಬರ ಫೋಟೋ ಮತ್ತು ಒಂದು ಕೋರಿಕೆ ಪತ್ರ. ಜನನ ಪ್ರಮಾಣಪತ್ರದಲ್ಲಿ ತಾಯಿಯ ಹೆಸರು ಇರುವುದರಿಂದ ಸಂಬಂಧ ತೋರಿಸಲು ಅದೊಂದೇ ಸಾಕಾಗಬಹುದು, ಆದರೆ ಅದರಲ್ಲಿರುವ ನನ್ನ ಹೆಸರಿಗೂ ಆಧಾರ್‌ನಲ್ಲಿರುವ ನನ್ನ ಹೆಸರಿಗೂ ಹೊಂದಿಕೆ ಇರಲಿಲ್ಲ. ಮದುವೆಗೆ ಮೊದಲಿನ ಇನಿಶಿಯಲ್ ಒಂದರಲ್ಲಿ, ಯಜಮಾನರ ಹೆಸರು ಇನ್ನೊಂದರಲ್ಲಿ. ಎರಡೂ ಹೆಸರಿನ ವ್ಯಕ್ತಿ ನಾನೊಬ್ಬಳೇ ಎಂದು ಛಾಪಾ ಕಾಗದದ ಮೇಲೆ ಅಫಿಡವಿಟ್ ಮಾಡಿಸಿ ನೋಟರಿಯಿಂದ ಸಹಿ ಹಾಕಿಸಿದೆ. ಅದಕ್ಕೆ 450 ರೂಪಾಯಿ ಮತ್ತು ಒಂದು ದಿನ ಹೋಯಿತು. ನಮ್ಮ ಹೆಣ್ಣುಮಕ್ಕಳಲ್ಲಿ ಬಹಳ ಜನರ ದಾಖಲೆಗಳಲ್ಲಿ ಈ ಇನಿಶಿಯಲ್ ತೊಂದರೆ ಇರುತ್ತದೆ. ಖಾತೆಯ ಕೆಲಸಕ್ಕೆ ಹೊರಡುವ ಮೊದಲು ಎಲ್ಲ ದಾಖಲೆಗಳನ್ನೂ ಮೇಜಿನ ಮೇಲೆ ಹರಡಿ, ಹೆಸರಿನ ಒಂದೊಂದು ಅಕ್ಷರವನ್ನೂ ಹೋಲಿಸಿ ನೋಡಿಕೊಳ್ಳುವುದು ಒಳ್ಳೆಯದು.

ಅಫಿಡವಿಟ್ ಹಿಡಿದು ನವೆಂಬರ್ ಮಧ್ಯದಲ್ಲಿ ಮತ್ತೆ ಊರಿಗೆ ಹೋದೆ. ಮಾವನವರಿಗೆ ಎಂಬತ್ತೆರಡು ವರ್ಷ, ಮಂಡಿ ನೋವು. ಅಂಚೆ ಕಚೇರಿಗೆ ಐದು ಮೆಟ್ಟಿಲುಗಳಿವೆ. ಅವರನ್ನು ಆಟೋದಲ್ಲೇ ಕೂರಿಸಿ ಕಾಗದಗಳನ್ನು ಒಳಗೆ ಕೊಟ್ಟೆ. ಅವರು ಆಟೋದ ಸೀಟಿನ ಮೇಲೆ ಪುಸ್ತಕವೊಂದನ್ನು ಒತ್ತಿಟ್ಟುಕೊಂಡು ಹಾಕಿದ ಸಹಿ 2015ರ ಮಾದರಿ ಸಹಿಗೆ ಹೊಂದಲಿಲ್ಲ. ಮತ್ತೊಮ್ಮೆ ಹಾಕಿಸಿದರು, ಅದೂ ಹೊಂದಲಿಲ್ಲ. ಮೂವತ್ತೈದು ವರ್ಷ ಸಾವಿರಾರು ಅಂಕಪಟ್ಟಿಗಳಿಗೆ ಒಂದೇ ಅಳತೆಯ ಸಹಿ ಹಾಕಿದ ಕೈ ಅದು. ಮೂರನೆಯ ಸಲ ಪೆನ್ನು ಹಿಡಿದಾಗ ಹೆಸರಿನ ಮೊದಲ ಅಕ್ಷರ ಮುಗಿಯುವ ಮೊದಲೇ ಬೆರಳು ನಡುಗಿ ಗೆರೆ ಪಕ್ಕಕ್ಕೆ ಜಾರಿತು, ಅವರು ಪೆನ್ನನ್ನು ಹಾಗೇ ಹಿಡಿದು ಕಾಗದವನ್ನೇ ನೋಡುತ್ತ ಕುಳಿತರು. ನನಗೆ ಕಣ್ಣು ತುಂಬಿ ಬಂತು. ಆಗ ಒಳಗಿದ್ದ ಪೋಸ್ಟ್ ಮಾಸ್ಟರ್ ಹೆಣ್ಣುಮಗಳು ತಾವೇ ಇಂಕ್ ಪ್ಯಾಡ್ ಹಿಡಿದು ಮೆಟ್ಟಿಲಿಳಿದು ಬಂದು, “ಬೇಜಾರು ಮಾಡ್ಕೋಬೇಡಿ ಮೇಷ್ಟ್ರೇ, ಹೆಬ್ಬೆಟ್ಟು ಒತ್ತಿದರೂ ಆಗ್ತದೆ, ಇಬ್ಬರು ಸಾಕ್ಷಿ ಇದ್ದರೆ ಸಾಕು” ಎಂದರು. ಪಕ್ಕದ ಜೆರಾಕ್ಸ್ ಅಂಗಡಿಯವರೂ ಆಟೋದವರೂ ಸಾಕ್ಷಿ ಹಾಕಿದರು. ವಯಸ್ಸಾದವರ ಸಹಿ ಬೇಕಿರುವ ಕೆಲಸವನ್ನು ಒಂದು ವರ್ಷವೂ ಮುಂದೂಡಬಾರದು ಎಂಬುದನ್ನು ನಾನು ಅಂದು ಕಲಿತೆ.

ಪೋಷಕಿಯಾಗಿ ನನ್ನ ಹೆಸರು ಪಾಸ್‌ಬುಕ್‌ಗೆ ಬರಲು ಮೂರು ವಾರ ಹಿಡಿಯಿತು. ಜನವರಿಯಲ್ಲಿ ಖಾತೆಯನ್ನು ಶಿವಮೊಗ್ಗದಲ್ಲಿ ನಮ್ಮ ಮನೆಯ ಹತ್ತಿರದ ಅಂಚೆ ಕಚೇರಿಗೆ ವರ್ಗಾಯಿಸಿಕೊಂಡೆವು. ಎಸ್‌ಬಿ-10(ಬಿ) ಎಂಬ ನಮೂನೆ ತುಂಬಿ, ಪಾಸ್‌ಬುಕ್ ಮತ್ತು ವಿಳಾಸದ ದಾಖಲೆ ಕೊಟ್ಟರೆ ಆಯಿತು. ಇಡೀ ವ್ಯವಹಾರದಲ್ಲಿ ಅಡೆತಡೆಯಿಲ್ಲದೆ ನಡೆದ ಕೆಲಸ ಇದೊಂದೇ.

ಆ ಹೊತ್ತಿಗೆ ಇನ್ನೊಂದು ಸಂಗತಿ ತಿಳಿಯಿತು. ಓದಿಗಾಗಿ ಹಣ ತೆಗೆಯಲು ಮಗಳಿಗೆ ಹದಿನೆಂಟು ತುಂಬಲೇಬೇಕೆಂದು ನಾವು ತಿಳಿದಿದ್ದೆವು. ನಿಯಮ ಹಾಗಿಲ್ಲ: ಹದಿನೆಂಟು ತುಂಬುವುದು ಅಥವಾ ಹತ್ತನೇ ತರಗತಿ ಪಾಸಾಗುವುದು, ಇವೆರಡರಲ್ಲಿ ಯಾವುದು ಮೊದಲೋ ಅದಾದ ಮೇಲೆ ತೆಗೆಯಬಹುದು. ಹಿಂದಿನ ಹಣಕಾಸು ವರ್ಷದ ಕೊನೆಯಲ್ಲಿ, ಅಂದರೆ ಮಾರ್ಚ್ 31ಕ್ಕೆ, ಖಾತೆಯಲ್ಲಿದ್ದ ಮೊತ್ತದ ಅರ್ಧದವರೆಗೆ ಮಾತ್ರ ತೆಗೆಯಲು ಬರುತ್ತದೆ. ಅದನ್ನು ಒಂದೇ ಸಲ ತೆಗೆಯಬಹುದು, ಇಲ್ಲವೇ ವರ್ಷಕ್ಕೆ ಒಂದು ಸಲ ಮಾತ್ರ ಎಂಬಂತೆ ಹೆಚ್ಚೆಂದರೆ ಐದು ವರ್ಷಗಳ ಕಂತಿನಲ್ಲಿ ತೆಗೆಯಬಹುದು. ಎಷ್ಟೇ ಮಿತಿ ಇದ್ದರೂ ಪ್ರವೇಶ ಪತ್ರದಲ್ಲಿ ಅಥವಾ ಶುಲ್ಕ ರಸೀದಿಯಲ್ಲಿ ಕಾಣಿಸಿದ ಮೊತ್ತವನ್ನು ಮೀರಿ ಕೊಡುವುದಿಲ್ಲ. 2025ರ ಮಾರ್ಚ್ 31ಕ್ಕೆ ನಮ್ಮ ಪಾಸ್‌ಬುಕ್‌ನಲ್ಲಿ 4,79,500 ರೂಪಾಯಿಯ ಆಸುಪಾಸು ಇತ್ತು. ಅದರಲ್ಲಿ ನಾವು ಕಟ್ಟಿದ್ದು ಸುಮಾರು 3,48,000, ಉಳಿದದ್ದು ಬಡ್ಡಿ. ಅಂದರೆ ನಮಗೆ ಸಿಗಬಹುದಾದದ್ದು ಹೆಚ್ಚೆಂದರೆ 2,39,750. ಏಪ್ರಿಲ್‌ನಲ್ಲಿ ಹೊಸದಾಗಿ ಕಟ್ಟಿದ್ದು ಈ ಲೆಕ್ಕಕ್ಕೆ ಬರಲಿಲ್ಲ.

ಏಪ್ರಿಲ್‌ನಲ್ಲಿ ಸಿಇಟಿ ಆಯಿತು, ಮೇ ಕೊನೆಯಲ್ಲಿ ಫಲಿತಾಂಶ ಬಂತು. ಜೂನ್, ಜುಲೈ ಪೂರ್ತಿ ದಾಖಲೆ ಪರಿಶೀಲನೆ, ಆಪ್ಷನ್ ಎಂಟ್ರಿ, ಅಣಕು ಸೀಟು ಹಂಚಿಕೆ ಎಂದು ಕಳೆಯಿತು. ಜುಲೈ 18ಕ್ಕೆ ಮಗಳಿಗೆ ಹದಿನೆಂಟು ತುಂಬಿತು. ಪಾಯಸ ಮಾಡಿ ಉಂಡೆವು, ಆದರೆ ಅದರಿಂದ ಖಾತೆಗೆ ಏನಾಗುತ್ತದೆಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ನಾಲ್ಕು ದಿನ ಬಿಟ್ಟು ಹಣ ತೆಗೆಯುವ ಅರ್ಜಿ ಕೇಳಲು ಹೋದಾಗ ಕೌಂಟರಿನವರು ಪಾಸ್‌ಬುಕ್ ತಿರುವಿ ನೋಡಿ, ಇನ್ನು ನಿಮ್ಮ ಸಹಿ ನಡೆಯುವುದಿಲ್ಲ, ಖಾತೆ ಈಗ ಮಗಳದ್ದು, ಅವಳ ಕೆವೈಸಿ ಆಗದೆ ಯಾವ ವ್ಯವಹಾರವೂ ಆಗದು ಎಂದರು. ಹದಿನೆಂಟು ತುಂಬಿದ ಮೇಲೆ ಖಾತೆಯನ್ನು ಮಗಳೇ ನಡೆಸಬೇಕೆಂಬುದು ನಿಯಮ. ಅದು ಸರಿಯಾದ ನಿಯಮವೆಂದೇ ನಾನು ಒಪ್ಪುತ್ತೇನೆ, ಹಣ ಅವಳದ್ದು. ಆದರೆ ಅಷ್ಟು ಕಷ್ಟಪಟ್ಟು ಪಡೆದ ಪೋಷಕತ್ವ ಏಳೆಂಟು ತಿಂಗಳಿಗೆ ಮುಗಿದದ್ದು ಆ ಕ್ಷಣಕ್ಕೆ ತುಂಬ ನೋವಾಯಿತು.

ಮಗಳ ಕೆವೈಸಿಗೆ ಆಧಾರ್, ಪ್ಯಾನ್, ಫೋಟೋ ಮತ್ತು ಮಾದರಿ ಸಹಿ ಬೇಕಿತ್ತು. ಸಣ್ಣ ಉಳಿತಾಯ ಖಾತೆಗಳಿಗೆ ಆಧಾರ್ ಮತ್ತು ಪ್ಯಾನ್ ಎರಡನ್ನೂ 2023ರ ಏಪ್ರಿಲ್‌ನಿಂದ ಕಡ್ಡಾಯ ಮಾಡಿದ್ದಾರೆ. ಪ್ಯಾನ್ ಸುಲಭವಾಗಿ ಆಯಿತು. ಹದಿನೆಂಟು ತುಂಬಿದ, ಮೊದಲು ಪ್ಯಾನ್ ಪಡೆಯದ ಯಾರೇ ಆದರೂ ಆದಾಯ ತೆರಿಗೆ ಇಲಾಖೆಯ ಜಾಲತಾಣದಲ್ಲಿ ಆಧಾರ್ ಒಟಿಪಿ ಕೊಟ್ಟು ಉಚಿತವಾಗಿ ಇ-ಪ್ಯಾನ್ ಪಡೆಯಬಹುದು. ಆದರೆ ಆಧಾರ್‌ಗೆ ಮೊಬೈಲ್ ಸಂಖ್ಯೆ ಜೋಡಣೆಯಾಗಿರಬೇಕು. ಸಿಕ್ಕಿಕೊಂಡದ್ದು ಆಧಾರ್‌ನಲ್ಲಿ. ಮಕ್ಕಳಿಗೆ ಐದು ವರ್ಷವಾದಾಗ ಒಮ್ಮೆ, ಹದಿನೈದಾದಾಗ ಒಮ್ಮೆ ಬೆರಳಚ್ಚು, ಕಣ್ಣಿನ ಪಾಪೆ ಮತ್ತು ಫೋಟೋವನ್ನು ಹೊಸದಾಗಿ ಕೊಡಬೇಕು. ಎರಡನೆಯದನ್ನು ನಾವು ಮಾಡಿಸಿಯೇ ಇರಲಿಲ್ಲ. ಅಂಚೆ ಕಚೇರಿಯ ಯಂತ್ರದ ಮೇಲೆ ಮಗಳು ಒಂದೊಂದೇ ಬೆರಳಿಟ್ಟಳು, ಹತ್ತೂ ಬೆರಳು ಹೊಂದಲಿಲ್ಲ. ಆಧಾರ್ ಕೇಂದ್ರದಲ್ಲಿ ಬೆಳಿಗ್ಗೆ ಏಳಕ್ಕೇ ಹೋಗಿ ಟೋಕನ್ ಪಡೆದು, ಮಧ್ಯಾಹ್ನ ಒಂದಕ್ಕೆ ಸರದಿ ಬಂತು. ಆಗ ನೂರು ರೂಪಾಯಿ ಶುಲ್ಕವಿತ್ತು. ನವೀಕರಣವಾಗಿ ಬರಲು ಹನ್ನೆರಡು ದಿನ ಹಿಡಿಯಿತು. ಹದಿನೈದು ತುಂಬಿದ ಕೂಡಲೇ ಮಾಡಿಸಿದ್ದರೆ ಉಚಿತವಾಗಿಯೇ ಆಗುತ್ತಿತ್ತು. ನಿಮ್ಮ ಮಗಳು ಈಗ ಎಸ್‌ಎಸ್‌ಎಲ್‌ಸಿಯಲ್ಲೋ ಪಿಯುಸಿಯಲ್ಲೋ ಇದ್ದರೆ ದಯವಿಟ್ಟು ಇದೊಂದನ್ನು ಈ ರಜೆಯಲ್ಲೇ ಮುಗಿಸಿ.

ಈ ನಡುವೆ ಆಗಸ್ಟ್ ಮೊದಲ ವಾರದಲ್ಲಿ ಸೀಟು ಹಂಚಿಕೆಯಾಯಿತು. ಅವಳು ಬಯಸಿದ ಕಾಲೇಜಿನಲ್ಲೇ ಕಂಪ್ಯೂಟರ್ ಸೈನ್ಸ್ ಸಿಕ್ಕಿತು. ಮನೆಯಲ್ಲಿ ಎಲ್ಲರಿಗೂ ಸಂತೋಷ, ನನಗೆ ಸಂತೋಷದ ಜೊತೆಗೆ ಎದೆಯಲ್ಲಿ ಭಾರ. ಸೀಟನ್ನು ಒಪ್ಪಿಕೊಂಡ ಮೇಲೆ ಪರೀಕ್ಷಾ ಪ್ರಾಧಿಕಾರಕ್ಕೆ ಶುಲ್ಕ ಕಟ್ಟಲು ಕೆಲವೇ ದಿನಗಳ ಗಡುವು ಇರುತ್ತದೆ. ಶುಲ್ಕ ಕಟ್ಟಿದರೆ ಮಾತ್ರ ಅಡ್ಮಿಷನ್ ಆರ್ಡರ್ ಡೌನ್‌ಲೋಡ್ ಆಗುತ್ತದೆ, ಅದನ್ನು ಹಿಡಿದು ಕಾಲೇಜಿಗೆ ಹೋಗಿ ವರದಿ ಮಾಡಿಕೊಳ್ಳಬೇಕು. ಅಂಚೆ ಕಚೇರಿಯವರೋ ಪ್ರವೇಶದ ಪತ್ರ ಅಥವಾ ಶುಲ್ಕದ ದಾಖಲೆ ತೋರಿಸದೆ ಹಣ ಕೊಡುವುದಿಲ್ಲ. ಎಲ್ಲ ದಾಖಲೆಗಳು ಸರಿಯಾಗಿದ್ದವರಿಗೂ ಈ ಕೆಲವು ದಿನಗಳಲ್ಲಿ ಸುಕನ್ಯಾ ಹಣ ಕೈಗೆ ಬರುವುದು ಕಷ್ಟ. ಸಿಇಟಿ ಮೂಲಕ ಸೀಟು ಪಡೆಯುವವರು ಮೊದಲ ಕಂತಿನ ಶುಲ್ಕಕ್ಕೆ ಬೇರೆ ಹಣ ಹೊಂದಿಸಿಟ್ಟುಕೊಳ್ಳಲೇಬೇಕು, ಸುಕನ್ಯಾ ಹಣ ಆಮೇಲೆ ಬಂದು ಆ ಜಾಗವನ್ನು ತುಂಬುತ್ತದೆ. ಇದನ್ನು ಯಾರಾದರೂ ಒಂದು ವರ್ಷ ಮೊದಲು ಹೇಳಿದ್ದರೆ ನಾವು ಬ್ಯಾಂಕಿನಲ್ಲಿ ಒಂದು ಚಿಕ್ಕ ಆರ್‌ಡಿ ಕಟ್ಟಿಕೊಂಡಿರುತ್ತಿದ್ದೆವು.

ನಮ್ಮ ಕೈಯಲ್ಲಿ ಅಷ್ಟು ಹಣ ಇರಲಿಲ್ಲ. ಆಗಸ್ಟ್ 5ರಂದು ನನ್ನ ಎರಡು ಜೊತೆ ಬಳೆಗಳನ್ನು ಸಹಕಾರ ಸಂಘದಲ್ಲಿ ಅಡವಿಟ್ಟು 1,20,000 ರೂಪಾಯಿ ತಂದೆವು. ಬಳೆ ಬಿಚ್ಚುವಾಗ ಮಗಳು ಎದುರಿಗೇ ನಿಂತಿದ್ದಳು. “ನನ್ನ ಖಾತೆಯಲ್ಲೇ ಅಷ್ಟು ದುಡ್ಡಿದೆಯಲ್ಲಮ್ಮ, ಮತ್ಯಾಕೆ ಇದನ್ನ ಇಡ್ತೀಯ?” ಎಂದು ಕೇಳಿದಳು. ಉತ್ತರ ಹೇಳುವುದು ನನಗೆ ಸುಲಭವಾಗಲಿಲ್ಲ. ಪ್ರಾಧಿಕಾರಕ್ಕೂ ಕಾಲೇಜಿಗೂ ಕಟ್ಟಿದ ಶುಲ್ಕ ಒಟ್ಟು 1,18,000 ಆಯಿತು, ಹಾಸ್ಟೆಲ್ ಮತ್ತು ಊಟಕ್ಕೆ 74,000. ಹಾಸ್ಟೆಲ್ ಹಣದಲ್ಲಿ ಅರ್ಧವನ್ನು ಯಜಮಾನರು ಅಂಗಡಿಯ ಸರಕಿನ ಹಣದಿಂದ ತೆಗೆದರು, ಉಳಿದರ್ಧಕ್ಕೆ ನನ್ನ ತಮ್ಮ ನೆರವಾದ.

ಆಧಾರ್ ನವೀಕರಣವಾದ ಮೇಲೆ ಮಗಳ ಕೆವೈಸಿ ಒಂದೇ ಭೇಟಿಯಲ್ಲಿ ಮುಗಿಯಿತು. ಪಾಸ್‌ಬುಕ್‌ನಲ್ಲಿ ಅವಳ ಹೆಸರಿಗೆ ಇನಿಶಿಯಲ್ ಇರಲಿಲ್ಲ, ಅಂಕಪಟ್ಟಿಯಲ್ಲಿ ಇತ್ತು. ಮತ್ತೆ ಒಂದು ಅಫಿಡವಿಟ್, ಮತ್ತೆ 450 ರೂಪಾಯಿ. ಇಷ್ಟು ದೊಡ್ಡ ಮೊತ್ತವನ್ನು ನಗದಾಗಿ ಕೊಡುವುದಿಲ್ಲವಾದ್ದರಿಂದ 500 ರೂಪಾಯಿ ಕಟ್ಟಿ ಅಲ್ಲೇ ಅವಳ ಹೆಸರಿನಲ್ಲಿ ಉಳಿತಾಯ ಖಾತೆಯನ್ನೂ ತೆರೆದೆವು. ಆಗಸ್ಟ್ 28ರಂದು, ಗಣೇಶ ಚೌತಿಯ ಮರುದಿನ, 1,92,000 ರೂಪಾಯಿಗೆ ಅರ್ಜಿ ಕೊಟ್ಟೆವು. ಪೂರ್ತಿ ಮೊತ್ತವನ್ನು ಒಂದೇ ಅರ್ಜಿಯಲ್ಲಿ ಕೇಳಿದ್ದಕ್ಕೆ ಕಾರಣ, ವರ್ಷಕ್ಕೆ ಒಂದೇ ಸಲ ತೆಗೆಯಲು ಬರುವುದು. ಮೊದಲು ಕಾಲೇಜಿನದ್ದು, ಆಮೇಲೆ ಹಾಸ್ಟೆಲಿನದ್ದು ಎಂದು ಎರಡು ಸಲ ಕೇಳಲು ಆಗದು.

ವಾರದ ನಂತರ ಅರ್ಜಿ ಹಿಂದಕ್ಕೆ ಬಂತು. ಹಾಸ್ಟೆಲಿನವರು ಕೊಟ್ಟದ್ದು ಕೈಬರಹದ ರಸೀದಿ, ಅದರಲ್ಲಿ ಕಾಲೇಜಿನ ಹೆಸರಾಗಲಿ ಮೊಹರಾಗಲಿ ಇರಲಿಲ್ಲ, ಆದ್ದರಿಂದ ಅದನ್ನು ಶಿಕ್ಷಣ ಸಂಸ್ಥೆಯ ಶುಲ್ಕವೆಂದು ಪರಿಗಣಿಸಲಾಗದು ಎಂಬ ಆಕ್ಷೇಪಣೆಯಿತ್ತು. ಮಗಳು ಕಾಲೇಜಿನ ಕಚೇರಿಯಲ್ಲಿ ಕೇಳಿದಾಗ, ಅಂಥ ಪತ್ರ ಕೊಡುವ ಪದ್ಧತಿ ನಮ್ಮಲ್ಲಿಲ್ಲ ಎಂದು ಎರಡು ದಿನ ತಿರುಗಿಸಿದರು. ಮೂರನೇ ದಿನ ನಾನೇ ಬಸ್ಸು ಹತ್ತಿ ಹೋದೆ. ಶಿಕ್ಷಣ ಸಾಲ ಪಡೆಯುವ ವಿದ್ಯಾರ್ಥಿಗಳಿಗೆ ಬ್ಯಾಂಕಿಗೆಂದು ಒಂದು ಶುಲ್ಕ ವಿವರಣ ಪತ್ರ ಕೊಡುತ್ತಾರೆ, ಅದನ್ನೇ ಕೊಡಿ ಎಂದು ಕೇಳಿದ ಕೂಡಲೇ ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಬೋಧನಾ ಶುಲ್ಕ, ಇತರೆ ಶುಲ್ಕ, ಹಾಸ್ಟೆಲ್, ಊಟ ಎಲ್ಲವನ್ನೂ ಬೇರೆ ಬೇರೆಯಾಗಿ ಬರೆದು ಪ್ರಾಂಶುಪಾಲರ ಸಹಿ, ಮೊಹರಿನೊಂದಿಗೆ ಅರ್ಧ ಗಂಟೆಯಲ್ಲಿ ಕೊಟ್ಟರು. ಕೇಳುವ ಹೆಸರು ಗೊತ್ತಿಲ್ಲದಿದ್ದರೆ ಇರುವ ವಸ್ತುವೂ ಸಿಗುವುದಿಲ್ಲ. ಪ್ರವೇಶದ ದಿನವೇ ಈ ಪತ್ರವನ್ನು ಎರಡು ಮೂಲ ಪ್ರತಿಗಳಲ್ಲಿ ಪಡೆದುಕೊಂಡು ಬನ್ನಿ.

ಸೆಪ್ಟೆಂಬರ್ 9ರಂದು ಅರ್ಜಿಯನ್ನು ಮತ್ತೆ ಕೊಟ್ಟೆವು. ಮೊತ್ತ ದೊಡ್ಡದಾದ್ದರಿಂದ ಮೇಲಿನ ಕಚೇರಿಯ ಅನುಮೋದನೆ ಬೇಕೆಂದರು. ಎರಡು ದಿನ ಸರ್ವರ್ ಇರಲಿಲ್ಲ. ಮತ್ತೊಂದು ದಿನ ಅರ್ಜಿ ನೋಡುವವರು ರಜೆಯ ಮೇಲಿದ್ದರು. ನಾನು ದಿನ ಬಿಟ್ಟು ದಿನ ಹೋಗಿ ಕೇಳುತ್ತಿದ್ದೆ, ಕೌಂಟರಿನ ಹುಡುಗ ಒಮ್ಮೆಯೂ ಮುಖ ಗಂಟಿಕ್ಕದೆ ಕಂಪ್ಯೂಟರ್ ನೋಡಿ ಹೇಳುತ್ತಿದ್ದ. 19ಕ್ಕೆ ಹಣ ಬಂತು. 22ರ ಸೋಮವಾರ ಬಳೆ ಬಿಡಿಸಿಕೊಂಡೆವು. ನಲವತ್ತೆಂಟು ದಿನಕ್ಕೆ ಬಡ್ಡಿ 1,700 ರೂಪಾಯಿ ಚಿಲ್ಲರೆ ಆಗಿತ್ತು. ಅಫಿಡವಿಟ್, ಆಧಾರ್, ಆಟೋ, ಬಸ್ಸು, ಜೆರಾಕ್ಸ್, ಫೋಟೋ ಎಲ್ಲ ಸೇರಿ ಇನ್ನೊಂದು ಮೂರೂವರೆ ಸಾವಿರ. ನಾನು ಸಂಬಳವಿಲ್ಲದೆ ರಜೆ ಹಾಕಿದ ದಿನಗಳು ಒಂಬತ್ತು.

ಇಷ್ಟೆಲ್ಲ ಆದ ಮೇಲೂ ಈ ಖಾತೆ ಬೇಡವಿತ್ತು ಎಂದು ನನಗೆ ಒಂದು ಸಲವೂ ಅನ್ನಿಸಿಲ್ಲ. ಅಷ್ಟು ಸುಲಭವಾಗಿ ತೆಗೆಯಲು ಬರುವಂತಿದ್ದರೆ ಕೊರೋನಾ ವರ್ಷದಲ್ಲೇ ಅದು ಅಂಗಡಿಯ ಬಾಡಿಗೆಗೆ ಕರಗಿಹೋಗಿರುತ್ತಿತ್ತು ಎಂಬುದು ನನಗೆ ಚೆನ್ನಾಗಿ ಗೊತ್ತು. ನನ್ನ ತಮ್ಮನಿಗೆ ಮಗನಿದ್ದಾನೆ. ಗಂಡುಮಕ್ಕಳಿಗೆ ಸುಕನ್ಯಾ ಇಲ್ಲದ್ದರಿಂದ ಅವನು ಮಗನ ಹೆಸರಿನಲ್ಲಿ ಪಿಪಿಎಫ್ ತೆರೆದಿದ್ದಾನೆ, ಅದರ ಬಡ್ಡಿ 7.1, ಅವಧಿ ಹದಿನೈದು ವರ್ಷ. ನಮ್ಮ ಬೀದಿಯ ಕೊನೆಯಲ್ಲಿರುವ ಮನೆಯ ಹುಡುಗಿಗೆ ರಾಜ್ಯ ಸರ್ಕಾರದ ಭಾಗ್ಯಲಕ್ಷ್ಮಿ ಬಾಂಡ್ ಇದೆ. ಹದಿನೆಂಟು ತುಂಬಿದ ಮೇಲೆ ಅದರ ಹಣ ಬರಬೇಕಾದರೆ ಹುಡುಗಿ ಕನಿಷ್ಠ ಎಂಟನೇ ತರಗತಿವರೆಗೆ ಓದಿರಬೇಕು, ಹದಿನೆಂಟರೊಳಗೆ ಮದುವೆಯಾಗಿರಬಾರದು. ಅವಳ ತಾಯಿಗೂ ಬಾಂಡಿನಲ್ಲಿರುವ ಹೆಸರು, ಆಧಾರ್‌ನಲ್ಲಿರುವ ಹೆಸರು, ಅಂಕಪಟ್ಟಿಯಲ್ಲಿರುವ ಹೆಸರು ಮೂರನ್ನೂ ಈಗಲೇ ಹೋಲಿಸಿ ನೋಡಿ ಎಂದು ಹೇಳಿ ಬಂದಿದ್ದೇನೆ.

ನಮ್ಮ ಖಾತೆಗೆ ಹದಿನೈದು ವರ್ಷ ತುಂಬುವವರೆಗೆ, ಎಂದರೆ 2030ರ ಏಪ್ರಿಲ್‌ವರೆಗೆ ಹಣ ಕಟ್ಟಬಹುದು, ಖಾತೆಯ ಅವಧಿ ಇಪ್ಪತ್ತೊಂದು ವರ್ಷಕ್ಕೆ, 2036ರ ಏಪ್ರಿಲ್‌ನಲ್ಲಿ ಮುಗಿಯುತ್ತದೆ. ಮುಂದಿನ ವರ್ಷ ಮತ್ತೆ ಹಣ ಬೇಕಾದರೆ ಮತ್ತೆ ಹೊಸ ಶುಲ್ಕ ಪತ್ರ ಬೇಕು. ಅಫಿಡವಿಟ್, ಕೆವೈಸಿ ಪ್ರತಿ, ಹಳೆಯ ಅರ್ಜಿಯ ಜೆರಾಕ್ಸ್ ಎಲ್ಲವನ್ನೂ ಒಂದು ಫೈಲಿನಲ್ಲಿ ಹಾಕಿ ಅವಳ ಹಾಸ್ಟೆಲ್ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ.

ದಸರಾ ರಜೆಗೆ ಮಗಳು ಬಂದಿದ್ದಳು. ಮಾವನವರು ಎಂದಿನಂತೆ ತಮ್ಮ ಸಾವಿರ ರೂಪಾಯಿಯನ್ನು ಯಜಮಾನರ ಕೈಯಲ್ಲಿ ಕಳಿಸಿದ್ದರು. ಅಕ್ಟೋಬರ್ 3ರ ಶುಕ್ರವಾರ, ಐದನೇ ತಾರೀಖಿಗೆ ಮೊದಲೇ, ಅವಳೇ ಅಂಚೆ ಕಚೇರಿಗೆ ಹೋಗಿ ಎಸ್‌ಬಿ-103 ಚೀಟಿಯನ್ನು ತುಂಬಿದಳು. ಹಣ ಕಟ್ಟುವವರ ಸಹಿ ಎಂಬಲ್ಲಿ ತನ್ನ ಹೆಸರು ಬರೆದು, ಪಾಸ್‌ಬುಕ್‌ನ ಆ ಪುಟದ ಫೋಟೋ ತೆಗೆದು ಅಜ್ಜನಿಗೆ ತೋರಿಸಲೆಂದು ತನ್ನ ಚಿಕ್ಕಪ್ಪನ ಫೋನಿಗೆ ಕಳಿಸಿದಳು.